ತೊಗರಿ ಎರಡೆಲೆಗೆ ಬಂದಾಗ ಚಿಗರಿ ಹೊಲಕ್ಕೇಕೆ ಇಳಿಯುತ್ತದೆ?

ಮುಂಗಾರು ಬಿತ್ತನೆ ಮುಗಿದು ಎರಡು ವಾರ ಕಳೆಯುವಷ್ಟರಲ್ಲಿ ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ ಕಡೆಯಿಂದಲೂ ಕಲಬುರಗಿ ಜಿಲ್ಲೆಯ ಆಳಂದ ಕಡೆಯಿಂದಲೂ ಒಂದೇ ಬಗೆಯ ದೂರು ಕೇಳಿಬರುತ್ತದೆ. ಹೆಸರು, ಉದ್ದು, ಸೋಯಾ, ತೊಗರಿ ಮೊಳಕೆಯೊಡೆದು ಸಾಲು ಹಸಿರಾಗಿದ್ದೇ ತಡ, ಜಿಂಕೆಗಳ ಹಿಂಡು ಇಳಿದು ಸಸಿಗಳ ತಲೆ ಕತ್ತರಿಸಿ ಹೋಗಿರುತ್ತದೆ. ಎರಡನೇ ಸಲ ಬಿತ್ತಬೇಕೆಂದರೆ ಬೀಜ, ಗೊಬ್ಬರ, ಕೂಲಿ ಎಲ್ಲವೂ ಎರಡರಷ್ಟು. ಅಷ್ಟರಲ್ಲಿ ಭೂಮಿಯ ಹದವೂ ಕಳೆದಿರುತ್ತದೆ.

ದೂರಿನ ಬೆನ್ನಿಗೇ ಪ್ರಶ್ನೆಗಳೂ ಬರುತ್ತವೆ. ಕಾಡಿನ ಪ್ರಾಣಿ ಕಾಡಿನಲ್ಲಿರುವುದು ಬಿಟ್ಟು ಹೊಲಕ್ಕೇಕೆ ಬರುತ್ತದೆ? ಪಟಾಕಿ ಹೊಡೆದು ಓಡಿಸಿದರೂ ಮರುದಿನ ಅದೇ ಹೊಲಕ್ಕೆ ಹೇಗೆ ಹಾಜರಾಗುತ್ತದೆ? ಹಿಂಡಿನಿಂದ ದೂರ, ಹೊಲದ ನಡುವೆ, ಒಂದೇ ಒಂದು ಕರಿಯ ಗಂಡು ದಿನವಿಡೀ ನಿಂತಿರುತ್ತದಲ್ಲ, ಅದಕ್ಕೇನಾಗಿದೆ? ತೊಗರಿ ಎದೆಯೆತ್ತರ ಬೆಳೆದ ಮೇಲೆ ಕಾಟ ತಾನಾಗಿಯೇ ಏಕೆ ತಗ್ಗುತ್ತದೆ? ಬಿಡಿಬಿಡಿಯಾಗಿ ಕಾಣುವ ಈ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು ಒಂದೇ ಕಡೆ: ಈ ಪ್ರಾಣಿ ಜೀವ ಉಳಿಸಿಕೊಳ್ಳುವ ಮತ್ತು ಮರಿ ಮಾಡುವ ರೀತಿಯಲ್ಲಿ.

ಯಾವ ಪ್ರಾಣಿ ಇದು?

ನಮ್ಮ ಭಾಗದ ಹೊಲಗಳಲ್ಲಿ ಜಿಂಕೆ ಎಂದು ಕರೆಸಿಕೊಳ್ಳುವುದು ಬಹುತೇಕ ಚಿಗರಿ. ಅರಣ್ಯ ಇಲಾಖೆಯ ಕಾಗದಗಳಲ್ಲಿ ಅದರ ಹೆಸರು ಕೃಷ್ಣಮೃಗ. ಮೈತುಂಬ ಬಿಳಿ ಚುಕ್ಕೆಗಳಿರುವ, ಬಂಡೀಪುರ ಮತ್ತು ನಾಗರಹೊಳೆಯ ಚಿತ್ರಗಳಲ್ಲಿ ಕಾಣುವ ಚುಕ್ಕೆ ಜಿಂಕೆ ಬೇರೆಯೇ ಪ್ರಾಣಿ. ಅದರ ಕೊಂಬು ಕವಲೊಡೆಯುತ್ತದೆ, ಉದುರುತ್ತದೆ, ಮತ್ತೆ ಹೊಸದಾಗಿ ಬೆಳೆಯುತ್ತದೆ. ಚಿಗರಿಯ ಕೊಂಬಿಗೆ ಕವಲಿಲ್ಲ, ಉದುರುವ ಗುಣವೂ ಇಲ್ಲ. ಒಳಗೆ ಎಲುಬು, ಮೇಲೆ ನಮ್ಮ ಉಗುರಿನಲ್ಲಿರುವ ವಸ್ತುವಿನದೇ ಗಟ್ಟಿ ಹೊದಿಕೆ. ಆಡು, ಕುರಿ, ದನ, ಎಮ್ಮೆಗಳ ಕೊಂಬೂ ಹೀಗೆಯೇ ಇರುತ್ತದೆ; ಚಿಗರಿ ಸೇರುವುದು ಅವುಗಳ ಕುಟುಂಬಕ್ಕೆ.

ಬಲಿತ ಗಂಡಿನ ಬೆನ್ನು ಕಪ್ಪು ಅಥವಾ ಕಡುಗಂದು, ಹೊಟ್ಟೆ ಅಚ್ಚ ಬಿಳಿ, ತಲೆಯ ಮೇಲೆ ತಿರುಚಿಕೊಂಡು ಮೇಲೇರಿದ ಉದ್ದನೆಯ ಕೊಂಬುಗಳು. ಹೆಣ್ಣಿನ ಬಣ್ಣ ಒಣಹುಲ್ಲಿನದು. ಕೊಂಬು ಸಾಮಾನ್ಯವಾಗಿ ಇರುವುದಿಲ್ಲ. ಎಳೆಯ ಗಂಡುಗಳೂ ಮೊದಲಲ್ಲಿ ಹೆಣ್ಣಿನ ಬಣ್ಣದಲ್ಲೇ ಇರುತ್ತವೆ. ಭುಜದ ಎತ್ತರ ಸುಮಾರು 75ರಿಂದ 85 ಸೆಂಟಿಮೀಟರ್. ಈ ಎತ್ತರವನ್ನು ನೆನಪಿಟ್ಟುಕೊಳ್ಳಿ, ತೊಗರಿಯ ಮಾತು ಬಂದಾಗ ಬೇಕಾಗುತ್ತದೆ.

ರಾಜ್ಯದಲ್ಲಿ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯ ಮತ್ತು ತುಮಕೂರು ಜಿಲ್ಲೆಯ ಜಯಮಂಗಲಿ ಸಂರಕ್ಷಿತ ಪ್ರದೇಶ ಕೃಷ್ಣಮೃಗಕ್ಕೆಂದೇ ಮೀಸಲು. ಬೀದರ್ ಸಮೀಪದ ಹೊನ್ನಿಕೇರಿ ಅರಣ್ಯದ ಸುತ್ತಮುತ್ತಲೂ ಅವು ಕಾಣಸಿಗುತ್ತವೆ. ಆದರೆ ಚಿಗರಿಗಳು ಇಂಥ ಗಡಿಗಳೊಳಗೇ ಇರುವ ಪ್ರಾಣಿಗಳಲ್ಲ. ಬೀಳು ಭೂಮಿ, ಗಾಯರಾಣ, ಕೆರೆಯಂಗಳ, ರೈತರ ಹೊಲ, ಎಲ್ಲವೂ ಅವುಗಳ ಓಡಾಟದ ನೆಲವೇ.

ನಡವಳಿಕೆಯ ಹಿಂದೆ ಯಾರ ಯೋಚನೆ?

ಪ್ರಾಣಿಗಳ ನಡವಳಿಕೆ ಎಂದಕೂಡಲೇ ನಾವು ಅವುಗಳ ತಲೆಯೊಳಗೆ ನಮ್ಮ ಯೋಚನೆಯನ್ನು ತುಂಬಿಬಿಡುತ್ತೇವೆ. ಚಿಗರಿ ಹಟಮಾರಿ, ಹಂದಿ ಕಳ್ಳ, ತೋಳ ಕ್ರೂರಿ. ಜೀವವಿಜ್ಞಾನದ ವಿವರಣೆ ಇದಕ್ಕಿಂತ ನೀರಸ, ಆದರೆ ಹೆಚ್ಚು ಉಪಯೋಗಿ.

ಒಂದು ಹಿಂಡಿನಲ್ಲಿ ಕೆಲವು ಪ್ರಾಣಿಗಳು ಹುಟ್ಟಿನಿಂದಲೇ ಸ್ವಲ್ಪ ಹೆಚ್ಚು ಎಚ್ಚರದವು, ಕೆಲವು ಮೈಮರೆತು ಮೇಯುವಂಥವು ಎಂದುಕೊಳ್ಳಿ. ಮೈಮರೆತವು ತೋಳದ ಬಾಯಿಗೆ ಬೇಗ ಬೀಳುತ್ತವೆ, ಅವುಗಳ ಮರಿಗಳೂ ಕಡಿಮೆ. ಎಚ್ಚರದವು ಬದುಕುಳಿದು ಹೆಚ್ಚು ಮರಿ ಮಾಡುತ್ತವೆ. ಎಚ್ಚರದ ಗುಣವೂ ಮರಿಗಳಿಗೆ ಇಳಿಯುತ್ತದೆ. ಸಾವಿರಾರು ತಲೆಮಾರು ಹೀಗೇ ನಡೆದರೆ ಕೊನೆಗೆ ಇಡೀ ಜಾತಿಯೇ ಎಚ್ಚರದ ಪ್ರಾಣಿಯಾಗುತ್ತದೆ. ಇದಕ್ಕೆ ನೈಸರ್ಗಿಕ ಆಯ್ಕೆ ಎಂದು ಹೆಸರು. ಇಲ್ಲಿ ಯಾವ ಚಿಗರಿಯೂ ಕುಳಿತು ತೀರ್ಮಾನ ಮಾಡಿಲ್ಲ. ಹಾಗೆ ನಡೆದುಕೊಂಡವು ಉಳಿದವು, ನಡೆದುಕೊಳ್ಳದವು ಉಳಿಯಲಿಲ್ಲ, ಅಷ್ಟೇ.

ಹೀಗೆ ರೂಪುಗೊಂಡ ನಡವಳಿಕೆ ಮೂರು ಒತ್ತಡಗಳ ನಡುವೆ ನಿಂತಿರುತ್ತದೆ: ಹೊಟ್ಟೆ ತುಂಬಬೇಕು, ಜೀವ ಉಳಿಯಬೇಕು, ಮರಿ ಆಗಬೇಕು. ಒಂದಕ್ಕೆ ಒದಗುವುದು ಇನ್ನೊಂದಕ್ಕೆ ಅಡ್ಡಿಯಾಗುವುದೇ ಹೆಚ್ಚು. ಒಳ್ಳೆಯ ಮೇವಿದ್ದಲ್ಲಿ ಅಪಾಯವೂ ಇರುತ್ತದೆ. ಹೆಣ್ಣುಗಳ ಕಣ್ಣಿಗೆ ಬೀಳುವ ಗಂಡು ತೋಳದ ಕಣ್ಣಿಗೂ ಬೀಳುತ್ತದೆ. ವಿಚಿತ್ರವೆನಿಸುವ ವರ್ತನೆಗಳು ಹುಟ್ಟುವುದು ಇಂಥ ಇಕ್ಕಟ್ಟುಗಳಲ್ಲಿಯೇ.

ಕಣ್ಣು, ಕಾಲು ಮತ್ತು ಬಯಲು

ಚಿಗರಿಯನ್ನು ಕಾಡಿನ ಪ್ರಾಣಿ ಎನ್ನುವುದರಲ್ಲೇ ಮೊದಲ ಎಡವಟ್ಟಿದೆ. ಅದು ದಟ್ಟ ಕಾಡನ್ನು ತಪ್ಪಿಸಿ ಬದುಕುವ ಪ್ರಾಣಿ. ಅದಕ್ಕೆ ಬೇಕಾದುದು ಗಿಡ್ಡ ಹುಲ್ಲಿನ, ದೂರದವರೆಗೆ ಕಣ್ಣು ಹಾಯುವ ಬಯಲು. ಬೀದರ್, ಕಲಬುರಗಿ, ಯಾದಗಿರಿಯ ವಿಶಾಲ ನೆಲ ಅದಕ್ಕೆ ಒಗ್ಗಿದ್ದು ಇದೇ ಕಾರಣಕ್ಕೆ.

ಅಡಗಿ ಬದುಕುವ ಪ್ರಾಣಿಗೆ ಪೊದೆ ಬೇಕು. ಓಡಿ ಬದುಕುವ ಪ್ರಾಣಿಗೆ ಪೊದೆಯೇ ಅಪಾಯ, ಏಕೆಂದರೆ ಶತ್ರು ಹೊಂಚು ಹಾಕುವುದು ಅಲ್ಲಿಯೇ. ತಲೆಯ ಎರಡೂ ಪಕ್ಕದಲ್ಲಿರುವ ದೊಡ್ಡ ಕಣ್ಣುಗಳಿಂದ ಚಿಗರಿ ಕತ್ತು ತಿರುಗಿಸದೆಯೇ ಸುತ್ತಲಿನ ಬಹುಭಾಗವನ್ನು ನೋಡಬಲ್ಲದು. ಶತ್ರುವನ್ನು ದೂರದಲ್ಲೇ ಕಂಡರೆ ಉಳಿದದ್ದನ್ನು ಕಾಲು ನೋಡಿಕೊಳ್ಳುತ್ತದೆ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುವ ಕಾಲು ಅದು.

ಇಷ್ಟು ವೇಗ ಏಕೆ ಬೇಕಿತ್ತು ಎಂಬುದು ಕುತೂಹಲದ ಪ್ರಶ್ನೆ. ಇಂದು ನಮ್ಮ ಬಯಲಿನಲ್ಲಿ ಚಿಗರಿಯನ್ನು ಬೆನ್ನಟ್ಟುವುದು ತೋಳ ಮತ್ತು ನಾಯಿಗಳು. ನೇರ ಓಟದಲ್ಲಿ ಅವು ಬಲಿತ ಚಿಗರಿಗೆ ಸಮವಲ್ಲ. ಆದರೆ ಒಂದು ಕಾಲದಲ್ಲಿ ಭಾರತದ ಬಯಲುಗಳಲ್ಲಿ ಚೀತಾ ಇತ್ತು. ಚಿಗರಿ ಅದರ ಮುಖ್ಯ ಬೇಟೆ. ಈಗಿನ ಛತ್ತೀಸಗಡದ ಕೊರಿಯಾದಲ್ಲಿ 1947ರಲ್ಲಿ ಮೂರು ಚೀತಾಗಳನ್ನು ಗುಂಡಿಟ್ಟು ಕೊಲ್ಲಲಾಯಿತು. 1952ರಲ್ಲಿ ದೇಶದಲ್ಲಿ ಚೀತಾ ಸಂತತಿ ಅಳಿದಿದೆ ಎಂದು ಘೋಷಿಸಲಾಯಿತು. ಬೆನ್ನಟ್ಟುವವನು ಹೋದರೂ ಓಟ ಉಳಿಯಿತು ಎಂಬುದು ಈ ವೇಗಕ್ಕೆ ಜೀವವಿಜ್ಞಾನಿಗಳು ಕೊಡುವ ವಿವರಣೆ.

ಹಿಂಡು ಕಟ್ಟುವುದೂ ಇದೇ ಲೆಕ್ಕದ ಭಾಗ. ಹುಲ್ಲು ಕೀಳಲು ತಲೆ ಬಗ್ಗಿಸಿದ ಕ್ಷಣ ಚಿಗರಿ ಅರೆಗುರುಡು. ಒಂಟಿಯಾಗಿದ್ದರೆ ಆಗಾಗ ತಲೆಯೆತ್ತಿ ನೋಡಬೇಕು, ಮೇಯುವ ಹೊತ್ತು ಹಾಳು. ಇಪ್ಪತ್ತು ಇದ್ದರೆ ಯಾವುದೋ ಒಂದು ಯಾವಾಗಲೂ ತಲೆ ಎತ್ತಿರುತ್ತದೆ, ಉಳಿದವು ನಿಶ್ಚಿಂತೆಯಿಂದ ಮೇಯಬಹುದು. ಅಲ್ಲದೆ ತೋಳ ಬಂದೇಬಿಟ್ಟರೂ ಇಪ್ಪತ್ತರಲ್ಲಿ ಸಿಕ್ಕಿಬೀಳುವುದು ಒಂದು. ಆ ಒಂದು ತಾನೇ ಆಗುವ ಸಾಧ್ಯತೆ ಹಿಂಡು ದೊಡ್ಡದಾದಷ್ಟೂ ಕಡಿಮೆ.

ಗಾಬರಿಯಾದ ಹಿಂಡು ಓಡುವುದನ್ನು ಗಮನಿಸಿ. ಮೊದಲಿಗೆ ಒಂದು ನಾಲ್ಕೂ ಕಾಲುಗಳನ್ನು ನೆಲದಿಂದ ಎತ್ತಿ ನೇರ ಮೇಲಕ್ಕೆ ಚಿಮ್ಮುತ್ತದೆ, ಹಿಂದೆಯೇ ಇನ್ನೊಂದು, ಮತ್ತೊಂದು. ನಾಲ್ಕಾರು ನೆಗೆತಗಳಾದ ಮೇಲೆ ಓಟ ಹದಕ್ಕೆ ಬರುತ್ತದೆ. ಜೀವಭಯದಲ್ಲಿ ಮುಂದಕ್ಕೆ ಓಡುವುದು ಬಿಟ್ಟು ಮೇಲಕ್ಕೆ ಜಿಗಿಯುವುದೇಕೆ? ಒಂದು ವಿವರಣೆ: ಅದು ಶತ್ರುವಿಗೆ ಕಳಿಸುವ ಸುದ್ದಿ. ನಿನ್ನನ್ನು ಕಂಡಿದ್ದೇನೆ, ಕಾಲಲ್ಲಿ ಕಸುವಿದೆ, ಬೆನ್ನಟ್ಟಿ ಸುಸ್ತಾಗಬೇಡ. ರೋಗಿ ಪ್ರಾಣಿಗೆ ಅಷ್ಟೆತ್ತರ ಜಿಗಿಯಲಾಗದು, ಆದ್ದರಿಂದ ಈ ಸುದ್ದಿಯಲ್ಲಿ ಸುಳ್ಳಿಗೆ ಜಾಗವಿಲ್ಲ. ಉಳಿದ ಹಿಂಡಿಗೂ ಅದೇ ಎಚ್ಚರಿಕೆಯಾಗುತ್ತದೆ.

ರಸ್ತೆಯಲ್ಲಿ ಹೋಗುವವರಿಗೆ ಇದರಿಂದ ತಿಳಿಯುವುದೊಂದಿದೆ. ಹಿಂಡಿನ ಒಂದು ಚಿಗರಿ ಗಾಡಿಯ ಮುಂದೆ ರಸ್ತೆ ದಾಟಿದರೆ ಉಳಿದವೂ ದಾಟುತ್ತವೆ ಎಂದೇ ತಿಳಿಯಬೇಕು. ಗುಂಪಿನಿಂದ ತಪ್ಪಿಹೋಗುವ ಭಯ ಅವಕ್ಕೆ ಗಾಡಿಯ ಭಯಕ್ಕಿಂತ ಹಳೆಯದು.

ಚಿಗರಿಯ ಕಣ್ಣಿಗೆ ತೊಗರಿ ಹೊಲ

ಈಗ ಜುಲೈ ತಿಂಗಳ ಎರೆಹೊಲವನ್ನು ಚಿಗರಿಯ ಕಣ್ಣಿನಿಂದ ನೋಡಿ. ಮರವಿಲ್ಲ, ಪೊದೆಯಿಲ್ಲ. ಬದುಗಳನ್ನು ಬಿಟ್ಟರೆ ಕಣ್ಣಿಗೆ ಅಡ್ಡವಾಗುವುದು ಏನೂ ಇಲ್ಲ. ನೆಲದಿಂದ ಗೇಣೆತ್ತರದ ಹಸಿರು, ಎಕರೆಗಟ್ಟಲೆ. ಅದರ ಪಾಲಿಗೆ ಇದು ಹೊಲವೇ ಅಲ್ಲ. ಸಾವಿರಾರು ವರ್ಷ ಅದು ಬದುಕಿದ ಗಿಡ್ಡ ಹುಲ್ಲಿನ ಬಯಲಿನ ಇನ್ನೊಂದು ರೂಪ. ಅಷ್ಟೇ ಸುರಕ್ಷಿತ, ಮೇವು ಮಾತ್ರ ಅದಕ್ಕಿಂತ ಉತ್ತಮ.

ಮೇವು ಉತ್ತಮ ಎಂದದ್ದಕ್ಕೆ ಕಾರಣವಿದೆ. ತೊಗರಿ, ಹೆಸರು, ಉದ್ದು, ಸೋಯಾ, ಕಡಲೆ ಎಲ್ಲವೂ ದ್ವಿದಳ ಬೆಳೆಗಳು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆದುಕೊಳ್ಳುವ ಇವುಗಳ ಎಲೆಯಲ್ಲಿ ಸಾಮಾನ್ಯ ಹುಲ್ಲಿಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಎಳೆಯ ಕುಡಿಯಲ್ಲಿ ನಾರು ಕಡಿಮೆ, ಜೀರ್ಣವಾಗುವುದೂ ಸುಲಭ. ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಈ ನಾಡಿನಲ್ಲಿ ಒಣಹುಲ್ಲು ಅಗಿದು ದಿನ ದೂಡಿದ ಪ್ರಾಣಿಗೆ, ಅದರಲ್ಲೂ ಗಬ್ಬದ ಅಥವಾ ಮರಿಗೆ ಹಾಲೂಡುವ ಹೆಣ್ಣಿಗೆ, ಇದಕ್ಕಿಂತ ಬೇರೆ ಮೇವು ಬೇಕಿಲ್ಲ.

ಚಿಗರಿ ಮೆಲುಕು ಹಾಕುವ ಪ್ರಾಣಿ. ಬೇಗಬೇಗನೆ ಕಿತ್ತು ನುಂಗಿ, ಆಮೇಲೆ ಸುರಕ್ಷಿತವಾದ ಕಡೆ ಮಲಗಿ, ನುಂಗಿದ್ದನ್ನು ಬಾಯಿಗೆ ತಂದು ಅಗಿಯುತ್ತದೆ. ಅಪಾಯವಿರುವ ಜಾಗದಲ್ಲಿ ತಂಗುವ ಹೊತ್ತು ಇದರಿಂದ ಕಡಿಮೆಯಾಗುತ್ತದೆ. ಬೆಳಗಿನ ಜಾವ ಮತ್ತು ಸಂಜೆ, ರೈತ ಇನ್ನೂ ಹೊಲಕ್ಕೆ ಬಂದಿರದ ಅಥವಾ ಆಗಲೇ ಮನೆಗೆ ಹೊರಟಿರುವ ಹೊತ್ತಿನಲ್ಲಿ, ಸ್ವಲ್ಪ ಸಮಯದಲ್ಲೇ ಹಾನಿಯಾಗುವುದು ಇದಕ್ಕೇ.

ಒಂದೇ ಹಿಂಡು ಮೇಯ್ದರೂ ಒಂದೊಂದು ಬೆಳೆಗೆ ಆಗುವ ನಷ್ಟ ಒಂದೊಂದು ಬಗೆ. ಸೋಯಾ, ಹೆಸರು, ಉದ್ದು ಮೊಳೆಯುವಾಗ ಬೀಜದ ಬೇಳೆಗಳು ಮಣ್ಣಿನಿಂದ ಮೇಲೆ ಬರುತ್ತವೆ. ಅವುಗಳ ಕೆಳಗೆ ಕತ್ತರಿಸಿದರೆ ಸಸಿ ಮತ್ತೆ ಚಿಗುರಲು ಕಣ್ಣೇ ಉಳಿಯುವುದಿಲ್ಲ. ತೊಗರಿ ಮತ್ತು ಕಡಲೆಯಲ್ಲಿ ಬೇಳೆಗಳು ಮಣ್ಣೊಳಗೇ ಉಳಿದು ಕಾಂಡ ಮಾತ್ರ ಮೇಲೇಳುತ್ತದೆ. ಹೀಗಾಗಿ ತಲೆ ಹೋದರೂ ಬುಡದಿಂದ ಕೆಲವೊಮ್ಮೆ ಹೊಸ ಕುಡಿ ಬರುತ್ತದೆ. ಅಂದಮಾತ್ರಕ್ಕೆ ತೊಗರಿಗೆ ನಷ್ಟವಿಲ್ಲ ಎಂದಲ್ಲ. ತಡವಾಗಿ ಚಿಗುರಿದ ಗಿಡ ಉಳಿದವುಗಳ ಸಮಕ್ಕೆ ಬರುವುದಿಲ್ಲ, ಮತ್ತೆ ಮತ್ತೆ ಮೇಯ್ದರೆ ಸತ್ತೇ ಹೋಗುತ್ತದೆ. ಬಿತ್ತಿದ 45–50 ದಿನಕ್ಕೆ ತೊಗರಿಯ ಕುಡಿ ಚಿವುಟಿ, ಕವಲು ಹೆಚ್ಚುತ್ತದೆ ಎಂದು ಕೃಷಿ ವಿಜ್ಞಾನಿಗಳೇ ಹೇಳುತ್ತಾರೆ. ಅಷ್ಟು ದಿನ ಕಾಯುವ ತಾಳ್ಮೆ ಚಿಗರಿಗಿಲ್ಲ, ತೊಂದರೆ ಅಲ್ಲಿದೆ.

ತೊಗರಿ ಬೆಳೆಯುತ್ತಾ ಹೋದಂತೆ ಚಿತ್ರ ಬದಲಾಗುತ್ತದೆ. ಗಿಡ ಒಂದು ಮೀಟರ್ ದಾಟಿತೆಂದರೆ, ಭುಜದೆತ್ತರ 80 ಸೆಂಟಿಮೀಟರ್ ಆಸುಪಾಸಿನ ಪ್ರಾಣಿಗೆ ಅದರೊಳಗೆ ಏನೂ ಕಾಣದು. ಓಡಲು ದಾರಿಯಿಲ್ಲ, ನಾಯಿ ಎಲ್ಲಿಂದ ಬರುತ್ತದೆಂದು ತಿಳಿಯುವುದಿಲ್ಲ. ಅದೇ ಹೊಲ ಈಗ ಅದರ ಪಾಲಿಗೆ ಪೊದೆ. ಕಾಂಡವೂ ಬಲಿತಿರುತ್ತದೆ. ಬೆಳೆದ ತೊಗರಿಯಿಂದ ಚಿಗರಿಗಳು ಹಿಂದೆ ಸರಿಯಲು ರೈತರ ಪಟಾಕಿಗಿಂತ ಗಿಡದ ಎತ್ತರವೇ ಹೆಚ್ಚು ಕಾರಣ.

ಗಾಯರಾಣಗಳ ಕಥೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಊರ ದನಕರುಗಳಿಗೆಂದು ಬಿಟ್ಟ ಈ ಹುಲ್ಲುಗಾವಲುಗಳು ಚಿಗರಿಗೂ ಮನೆಯಾಗಿದ್ದವು. ಅವು ಸಾಗುವಳಿಗೆ, ಬಡಾವಣೆಗೆ, ರಸ್ತೆಗೆ ಹೋದಷ್ಟೂ ಹಿಂಡುಗಳು ಹೊಲಕ್ಕೆ ಹತ್ತಿರವಾದವು. ಹಸಿರು ಹೆಚ್ಚಿಸುವ ಒಳ್ಳೆಯ ಉದ್ದೇಶದಿಂದ ಬಯಲಿನಲ್ಲಿ ಒತ್ತಾಗಿ ಮರ ನೆಟ್ಟರೂ ಚಿಗರಿಯ ಮಟ್ಟಿಗೆ ಫಲ ಅದೇ: ಕಣ್ಣು ಹಾಯುವ ನೆಲ ಕಡಿಮೆಯಾಗುತ್ತದೆ.

ಓಡಿಸಿದರೂ ಮರಳುವುದೇಕೆ?

ಪ್ರತಿ ಓಟಕ್ಕೂ ಬೆಲೆ ತೆರಬೇಕು. ಓಡುವಾಗ ಮೇಯಲಾಗದು, ಕೂಡಿಟ್ಟ ಶಕ್ತಿಯೂ ಖರ್ಚಾಗುತ್ತದೆ. ಆದ್ದರಿಂದ ಸದ್ದು ಕೇಳಿದಾಗಲೆಲ್ಲ ಓಡುವ ಪ್ರಾಣಿಯೂ ಬದುಕುವುದಿಲ್ಲ. ಯಾವುದಕ್ಕೆ ಓಡಬೇಕು, ಯಾವುದನ್ನು ಸಹಿಸಿಕೊಳ್ಳಬಹುದು ಎಂಬುದನ್ನು ಅದು ಅನುಭವದಿಂದ ಕಲಿಯುತ್ತದೆ. ಮೊದಲ ದಿನ ಪಟಾಕಿಗೆ ಹಿಂಡು ದಿಕ್ಕಾಪಾಲಾಗಿ ಓಡುತ್ತದೆ. ಸದ್ದಿನ ಹಿಂದೆ ಏನೂ ಬರುವುದಿಲ್ಲ ಎಂಬುದು ನಾಲ್ಕಾರು ಸಲ ಖಚಿತವಾದ ಮೇಲೆ ಸ್ವಲ್ಪ ದೂರ ಹೋಗಿ, ತಿರುಗಿ ನಿಂತು, ನೋಡುತ್ತದೆ. ಬೆದರುಬೊಂಬೆಗೆ, ಬದುವಿನುದ್ದಕ್ಕೂ ಕಟ್ಟಿದ ಹಳೆಯ ಸೀರೆಗಳಿಗೆ ಆಗುವ ಗತಿಯೂ ಇದೇ. ಇದನ್ನು ರೂಢಿಬೀಳುವುದು ಎನ್ನುತ್ತಾರೆ. ಒಂದೇ ಉಪಾಯವನ್ನು ಒಂದೇ ಜಾಗದಲ್ಲಿ ಬಿಡದೆ ಮುಂದುವರಿಸಿದರೆ ಅದು ಬೇಗ ಸವೆಯುತ್ತದೆ. ಜಾಗ, ಹೊತ್ತು, ಬಗೆಯನ್ನು ಬದಲಿಸುತ್ತಿದ್ದರೆ ಇನ್ನಷ್ಟು ದಿನ ನಡೆಯುತ್ತದೆ. ಸಸಿ ಎತ್ತರವಾಗುವವರೆಗಿನ ಕೆಲವೇ ವಾರ ಕಾಯಬೇಕಾದ ಬೆಳೆಗೆ ಆ ಇನ್ನಷ್ಟು ದಿನವೇ ದೊಡ್ಡದು.

ಹತ್ತಿರ ಬರುವುದು ಯಾವುದು ಎಂಬುದನ್ನು ನೋಡಿ ಓಡುವ ಅಂತರವನ್ನೂ ಚಿಗರಿ ಬದಲಿಸಿಕೊಳ್ಳುತ್ತದೆ. ಪಕ್ಕದಲ್ಲಿ ಮೇಯುವ ದನಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. ದಾರಿಯಲ್ಲಿ ಹಾದುಹೋಗುವ ಟ್ರ್ಯಾಕ್ಟರ್‌ಗೆ ತಲೆಯೆತ್ತಿ ಸುಮ್ಮನಾಗುತ್ತದೆ. ಅದೇ ಟ್ರ್ಯಾಕ್ಟರ್ ನಿಂತು ಒಬ್ಬ ಮನುಷ್ಯ ಇಳಿದು ನೇರ ತನ್ನ ಕಡೆ ನಡೆದು ಬಂದರೆ ಕಾಲು ಕೀಳುತ್ತದೆ.

ಒಂಟಿಯಾಗಿ ನಿಂತ ಕರಿಯ ಗಂಡು

ಹಿಂಡು ಅತ್ತ, ಇದು ಇತ್ತ. ಬಿಸಿಲೇರಿದರೂ ಅದೇ ತಾವಿನಲ್ಲಿ ನಿಂತಿರುತ್ತದೆ ಅಥವಾ ಮಲಗಿರುತ್ತದೆ. ಓಡಿಸಿದರೆ ಸುತ್ತು ಹಾಕಿ ಮರಳಿ ಅಲ್ಲಿಗೇ. ದಾರಿ ತಪ್ಪಿದ್ದು, ರೋಗ ಬಂದದ್ದು ಎಂದು ಜನ ಕನಿಕರಪಡುವುದುಂಟು. ನಿಜದಲ್ಲಿ ಆ ಸುತ್ತಿನಲ್ಲಿ ಅದಕ್ಕಿಂತ ಗಟ್ಟಿಮುಟ್ಟಾದ ಪ್ರಾಣಿ ಇಲ್ಲದಿರಬಹುದು.

ಅದು ನಿಂತಿರುವುದು ತನ್ನದೆಂದು ಗುರುತು ಹಾಕಿಕೊಂಡ ಜಾಗದಲ್ಲಿ. ಗುರುತು ಹಾಕುವ ವಿಧಾನವನ್ನು ಹೊಲದಲ್ಲೇ ನೋಡಬಹುದು. ಒಂದೇ ತಾವಿನಲ್ಲಿ ದಿನದಿನವೂ ಹಾಕಿದ ಹಿಕ್ಕೆಯ ಗುಡ್ಡೆ ಇರುತ್ತದೆ: ಕೆಳಗೆ ಬೂದುಬಣ್ಣಕ್ಕೆ ತಿರುಗಿದ ಹಳೆಯ ಹಿಕ್ಕೆ, ಮೇಲೆ ಹೊಳೆಯುವ ಕರಿಯ ಹೊಸ ಹಿಕ್ಕೆ. ಕಣ್ಣಿನ ಕೆಳಗೆ ಒಂದು ಗ್ರಂಥಿಯಿದೆ. ಹುಲ್ಲಿನ ಕಡ್ಡಿಯ ತುದಿಗೋ ಗಿಡದ ಟೊಂಗೆಗೋ ಅದನ್ನು ಒತ್ತಿ ಅಂಟಾದ, ವಾಸನೆಯ ದ್ರವವನ್ನು ಬಳಿಯುತ್ತದೆ. ಇಲ್ಲಿ ಒಬ್ಬ ಇದ್ದಾನೆ, ಈಗಲೂ ಇದ್ದಾನೆ ಎಂಬುದನ್ನು ಬೇರೆ ಗಂಡುಗಳು ಮೂಗಿನಿಂದ ಓದಿಕೊಳ್ಳುತ್ತವೆ. ಈ ಜಾಗದ ಅಳತೆ ಮೂರೆಕರೆ ಇರಬಹುದು, ಮೂವತ್ತೆಕರೆಯೂ ಇರಬಹುದು. ಹಿಡಿತ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಉಳಿಯುತ್ತದೆ.

ಇದೆಲ್ಲ ಏಕೆಂದರೆ ಹೆಣ್ಣುಗಳ ಹಿಂಡು ಮೇವಿಗಾಗಿ ಅಲೆಯುತ್ತಾ ಆ ಜಾಗಕ್ಕೆ ಬರುತ್ತದೆ. ಬಂದಾಗ ಅಲ್ಲಿ ಕೂಡುವ ಅವಕಾಶ ಜಾಗದ ಒಡೆಯನಿಗೆ. ಮೇವು ಚೆನ್ನಾಗಿರುವ, ಹಿಂಡು ಮತ್ತೆ ಮತ್ತೆ ಬರುವ ಜಾಗ ಹಿಡಿದವನಿಗೆ ಹೆಚ್ಚು ಅವಕಾಶ. ಎಳೆ ತೊಗರಿಯ ಹೊಲದ ನಡುವೆ ಕರಿಯ ಗಂಡು ಬೇರೂರಿ ನಿಂತಿದ್ದರೆ ಆ ಲೆಕ್ಕ ರೈತನಿಗೂ ಅರ್ಥವಾಗಬೇಕು: ಹಿಂಡು ಬಂದೇ ಬರುತ್ತದೆ ಎಂಬ ಭರವಸೆಯಲ್ಲಿ ಅದು ನಿಂತಿದೆ.

ಹೆಣ್ಣುಗಳು ಬಂದಾಗ ಗಂಡಿನ ಭಂಗಿಯೇ ಬದಲಾಗುತ್ತದೆ. ಮೂತಿಯನ್ನು ಆಕಾಶಕ್ಕೆ ಎತ್ತುತ್ತದೆ, ಕೊಂಬುಗಳು ಬೆನ್ನಿನ ಮೇಲೆ ಮಲಗುತ್ತವೆ, ಬಾಲ ಮೇಲಕ್ಕೆ ಸುರುಳಿಯಾಗುತ್ತದೆ, ಕಣ್ಣಿನ ಕೆಳಗಿನ ಗ್ರಂಥಿ ತೆರೆದುಕೊಳ್ಳುತ್ತದೆ. ಹೆಜ್ಜೆಯಲ್ಲಿ ಬಿಗಿ, ಗಂಟಲಿನಲ್ಲಿ ಗುರುಗುಡುವ ದನಿ. ಹೆಣ್ಣು ಮೂತ್ರ ಮಾಡಿದ ಕಡೆ ಮೂಸಿ, ಮೇಲ್ತುಟಿಯನ್ನು ಹಿಂದಕ್ಕೆ ಮಡಚಿ, ಕೆಲ ಕ್ಷಣ ಸ್ತಬ್ಧವಾಗಿ ನಿಲ್ಲುತ್ತದೆ. ಹೋತ ಮತ್ತು ಟಗರು ಸಾಕಿದವರಿಗೆ ಈ ಮುಖಭಾವದ ಪರಿಚಯವಿದೆ. ಬಾಯಿಯ ಮೇಲ್ಛಾವಣಿಯಲ್ಲಿರುವ ವಿಶೇಷ ಅಂಗಕ್ಕೆ ವಾಸನೆಯನ್ನು ತಲುಪಿಸಿ, ಹೆಣ್ಣು ಬೆದೆಗೆ ಬಂದಿದೆಯೇ ಎಂದು ತಿಳಿಯುವ ಕ್ರಮ ಅದು.

ಕಪ್ಪು ಬಣ್ಣದ ಕಥೆಯೂ ಇಲ್ಲೇ ಬರುತ್ತದೆ. ನಮ್ಮ ಬಿಸಿಲಿನಲ್ಲಿ ಕಪ್ಪು ಮೈ ಹೊತ್ತು ನಿಲ್ಲುವುದು ಲಾಭದ ಸಂಗತಿಯಲ್ಲ. ಕಪ್ಪು ಕಾವನ್ನು ಹೀರುತ್ತದೆ, ಮೈಲಿ ದೂರದಿಂದ ಕಣ್ಣಿಗೆ ಹೊಡೆಯುತ್ತದೆ. ಗಂಡಿನ ಹಾರ್ಮೋನ್ ಹೆಚ್ಚಿದಂತೆ ಗಾಢವಾಗುವ ಬಣ್ಣವಿದು. ವಯಸ್ಸು ಬಲಿತಂತೆ ಕಪ್ಪೇರುತ್ತದೆ, ಬೆದೆಯ ಕಾಲ ಕಳೆದ ಮೇಲೆ ಅನೇಕ ಕಡೆ ಮತ್ತೆ ಕಂದು ತಿರುಗುತ್ತದೆ. ಇಷ್ಟು ಬಿಸಿಲು, ಇಷ್ಟು ಅಪಾಯವನ್ನು ತಡೆದುಕೊಂಡೂ ಬದುಕಿದ್ದಾನೆ ಎಂದರೆ ಇವನಲ್ಲಿ ಕಸುವಿದೆ ಎಂದೇ ಅರ್ಥ. ಹೆಣ್ಣು ಹಾಗೆಂದು ಯೋಚಿಸುವುದಿಲ್ಲ, ಆದರೆ ಇಂಥ ಗಂಡನ್ನು ಮೆಚ್ಚುವ ಹೆಣ್ಣಿಗೆ ಗಟ್ಟಿಮುಟ್ಟಾದ ಮರಿಗಳಾಗುವ ಸಾಧ್ಯತೆ ಹೆಚ್ಚು. ಆ ಮೆಚ್ಚುಗೆಯೂ ಪೀಳಿಗೆಯಿಂದ ಪೀಳಿಗೆಗೆ ಇಳಿದಿದೆ.

ಎಳೆಯ ಗಂಡಿನ ಮೈ ಕಪ್ಪಾಗತೊಡಗಿದಾಗ ಒಡೆಯ ಗಂಡು ಅದನ್ನು ಪ್ರತಿಸ್ಪರ್ಧಿಯೆಂದು ಗುರುತಿಸಿ ಅಟ್ಟುತ್ತದೆ. ಹೀಗೆ ಹೊರಬಿದ್ದವು ಸೇರಿ ಬರೀ ಗಂಡುಗಳ ಹಿಂಡು ಕಟ್ಟಿಕೊಂಡು ತಿರುಗುತ್ತವೆ. ಅಲ್ಲಿ ಕೊಂಬಿಗೆ ಕೊಂಬು ಕೊಟ್ಟು ಬಲ ನೋಡಿಕೊಳ್ಳುವುದು ನಿತ್ಯದ ಕೆಲಸ. ನಿಜವಾದ ಕಾಳಗ ಅಪರೂಪ. ಹೆಚ್ಚಿನ ಜಗಳ ಭಂಗಿಯಲ್ಲೇ, ಸಮಾನಾಂತರವಾಗಿ ನಡೆದಾಡುವುದರಲ್ಲೇ ಮುಗಿಯುತ್ತದೆ. ಗಾಯಗೊಂಡು ಗೆದ್ದವನು ತೋಳಕ್ಕೆ ಸುಲಭದ ತುತ್ತಾಗುವುದರಿಂದ ಇಬ್ಬರಿಗೂ ಇದೇ ವಾಸಿ.

ಹಿಂಡುಗಳು ಚಿಕ್ಕದಾಗಿ, ಚದುರಿರುವ ಕಡೆ ಗಂಡುಗಳೂ ದೂರದೂರ ಜಾಗ ಹಿಡಿಯುತ್ತವೆ. ಚಿಗರಿಗಳು ಬಹಳವಿರುವ ಕಡೆ ಬೇರೆಯದೇ ಏರ್ಪಾಡು ಕಾಣುತ್ತದೆ. ಗುಜರಾತಿನ ಭಾವನಗರ ಜಿಲ್ಲೆಯ ವೇಳಾವದರ್‌ನಲ್ಲಿ 1976ರಲ್ಲಿ ಸ್ಥಾಪನೆಯಾದ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನ ಇದಕ್ಕೆ ಹೆಸರಾಗಿದೆ. ಅಲ್ಲಿ ಹತ್ತಾರು ಗಂಡುಗಳು ಒಂದೇ ಬಯಲಿನಲ್ಲಿ ಒತ್ತೊತ್ತಾಗಿ ಚಿಕ್ಕಚಿಕ್ಕ ತುಂಡು ನೆಲ ಹಿಡಿದು ನಿಲ್ಲುತ್ತವೆ. ಆ ತುಂಡುಗಳಲ್ಲಿ ಹೇಳಿಕೊಳ್ಳುವಂಥ ಮೇವೂ ಇರುವುದಿಲ್ಲ. ಹೆಣ್ಣುಗಳು ಬರುವುದು ಗಂಡನ್ನು ಆರಿಸಿಕೊಳ್ಳಲೆಂದೇ. ಸಂತೆಯಲ್ಲಿ ಎತ್ತು ಮಾರುವವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಕೊಳ್ಳುವವನಿಗೆ ಹೋಲಿಸಿ ನೋಡಲು ಹೇಗೆ ಅನುಕೂಲವೋ ಹಾಗೆ. ಎಲ್ಲರಿಗೂ ಗಿರಾಕಿ ಸಿಗುವುದಿಲ್ಲ ಎಂಬುದೂ ಸಂತೆಯ ನಿಯಮವೇ: ಕೂಡುವ ಅವಕಾಶ ಬಹುಪಾಲು ನಡುವಿನ ಕೆಲವೇ ಗಂಡುಗಳ ಪಾಲಾಗುತ್ತದೆ.

ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಮರಿ

ಮರಿಯ ವಿಚಾರದಲ್ಲಿ ಗಂಡಿನ ಪಾತ್ರ ಕೂಡುವುದಕ್ಕೇ ಮುಗಿಯಿತು. ಉಳಿದದ್ದೆಲ್ಲ ತಾಯಿಯದು. ಸುಮಾರು ಆರು ತಿಂಗಳ ಗರ್ಭ, ಸಾಮಾನ್ಯವಾಗಿ ಒಂದೇ ಮರಿ. ಹೆತ್ತ ಒಂದು ತಿಂಗಳಿಗೆ ಹೆಣ್ಣು ಮತ್ತೆ ಬೆದೆಗೆ ಬರಬಲ್ಲದು. ವರ್ಷವಿಡೀ ಮರಿಗಳು ಹುಟ್ಟುತ್ತವೆ, ಕೆಲವು ತಿಂಗಳುಗಳಲ್ಲಿ ಹೆಚ್ಚು.

ಹೊಲಕ್ಕೆ ಹೋದವರು, ಕುರಿ ಕಾಯುವವರು ಎಡವುವುದು ಇಲ್ಲಿಯೇ. ಬದುವಿನ ಹುಲ್ಲಿನಲ್ಲೋ ಬೆಳೆಯ ಸಾಲಿನಲ್ಲೋ ಒಂದು ಪುಟ್ಟ ಮರಿ ಮುದುಡಿ ಮಲಗಿರುತ್ತದೆ. ಕತ್ತು ನೆಲಕ್ಕೆ ಚಾಚಿ, ಕಿವಿಗಳನ್ನು ಹಿಂದಕ್ಕೆ ಒತ್ತಿ, ಅಲುಗಾಡದೆ. ಹತ್ತಿರ ಹೋದರೂ ಏಳುವುದಿಲ್ಲ. ಸುತ್ತ ನೋಡಿದರೆ ತಾಯಿ ಕಾಣಿಸದು. ತಾಯಿ ಬಿಟ್ಟುಹೋಗಿದೆ ಎಂದು ಮರುಗಿ ಮನೆಗೆ ಎತ್ತಿಕೊಂಡು ಬರುತ್ತಾರೆ, ಎಮ್ಮೆಯ ಹಾಲು ಕುಡಿಸುತ್ತಾರೆ.

ತಾಯಿ ಬಿಟ್ಟುಹೋಗಿಲ್ಲ, ಬಚ್ಚಿಟ್ಟು ಹೋಗಿದೆ. ಹುಟ್ಟಿದ ಮೊದಲ ಒಂದೆರಡು ವಾರ ಮರಿಗೆ ಹಿಂಡಿನ ಜೊತೆ ಓಡುವ ಕಾಲ್ಬಲ ಇರುವುದಿಲ್ಲ. ಓಡಲಾಗದವನಿಗೆ ಉಳಿದ ದಾರಿ ಅಡಗುವುದು. ಅದರ ಬಣ್ಣ ಹುಲ್ಲಿನ ಬಣ್ಣ, ಮೈಯಿಂದ ಬರುವ ವಾಸನೆಯೂ ಕಡಿಮೆ. ಮರಿ ಬಚ್ಚಿಡುವ ಜಾತಿಯ ಪ್ರಾಣಿಗಳಲ್ಲಿ ತಾಯಿ ಮರಿಯ ಮೈ ನೆಕ್ಕಿ, ಅದರ ಮಲಮೂತ್ರವನ್ನೂ ತಾನೇ ತಿಂದು ವಾಸನೆಯ ಸುಳಿವನ್ನು ಅಳಿಸುತ್ತದೆ. ಬಲಿತ ಹೆಣ್ಣಿನ ವಾಸನೆ ಗಾಢ. ಅದು ಪಕ್ಕದಲ್ಲೇ ನಿಂತರೆ ತೋಳಕ್ಕೆ, ನರಿಗೆ, ನಾಯಿಗೆ ಮರಿಯ ವಿಳಾಸ ಕೊಟ್ಟಂತೆ. ಆದ್ದರಿಂದ ಅದು ದೂರ ಮೇಯುತ್ತಾ, ದಿನಕ್ಕೆ ಕೆಲವು ಸಲ ಮಾತ್ರ ಬಂದು ಹಾಲೂಡಿಸಿ ಹೋಗುತ್ತದೆ. ನೀವು ಅಲ್ಲಿ ನಿಂತಿರುವಷ್ಟು ಹೊತ್ತೂ ಅದು ಬರುವುದಿಲ್ಲ. ತಾಯಿ ಬರಲೇ ಇಲ್ಲ ಎಂದು ಕಾದು ನೋಡಿದವರು ಹೇಳುವುದು ಸುಳ್ಳಲ್ಲ, ಆದರೆ ಅದು ಬಾರದಿರಲು ಕಾರಣ ಆ ಕಾಯುವಿಕೆಯೇ.

ಹಾಗಾಗಿ ಗಾಯವಿಲ್ಲದ, ಸುಮ್ಮನೆ ಮಲಗಿರುವ ಮರಿಯನ್ನು ಮುಟ್ಟದೆ, ಜೊತೆಗಿರುವ ನಾಯಿಯನ್ನು ಕರೆದುಕೊಂಡು ದೂರ ಹೋಗುವುದೇ ಸರಿ. ಆ ಸಾಲಿನಲ್ಲಿ ಕುಂಟೆ ಹೊಡೆಯುವುದಿದ್ದರೆ ಅಷ್ಟು ಜಾಗ ಬಿಟ್ಟು ಹೊಡೆದು, ಉಳಿದದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದು. ಗಾಯಗೊಂಡಿದ್ದರೆ, ತಾಯಿ ಸತ್ತು ಬಿದ್ದಿರುವುದು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಮರುಕದಿಂದಲೇ ಆದರೂ ಮನೆಯಲ್ಲಿ ಸಾಕುವಂತಿಲ್ಲ. ಕೊಂದರೆ ಮೂರರಿಂದ ಏಳು ವರ್ಷ ಜೈಲು. ದಂಡ, 2022ರ ತಿದ್ದುಪಡಿಯ ನಂತರ, ಕನಿಷ್ಠ 25,000 ರೂಪಾಯಿ.

ಹಂದಿಯ ಲೆಕ್ಕ ಬೇರೆ

ಬೆಳೆ ತಿನ್ನುವುದು ಎಂದರೆ ಕಾಡುಹಂದಿಯನ್ನೂ ಚಿಗರಿಯನ್ನೂ ಒಂದೇ ಸಾಲಿಗೆ ಸೇರಿಸುವುದು ವಾಡಿಕೆ. ಬದುಕುವ ರೀತಿಯಲ್ಲಿ ಅವು ತದ್ವಿರುದ್ಧ. ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಅದು ಇರುಳಿನಲ್ಲಿ ತಿರುಗುತ್ತದೆ, ಹಗಲು ಪೊದೆಯಲ್ಲಿ ಮಲಗುತ್ತದೆ. ನಾಲ್ಕು ತಿಂಗಳೂ ತುಂಬದ ಗರ್ಭದಲ್ಲಿ ನಾಲ್ಕಾರು ಮರಿ ಹಾಕುತ್ತದೆ. ಒಂದೊಂದೇ ಮರಿಯನ್ನು ಜೋಪಾನ ಮಾಡುವ ಚಿಗರಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ವರ್ಷಗಳು ಬೇಕು. ಹಂದಿಗೆ ಒಂದೆರಡು ಹಂಗಾಮು ಸಾಕು.

ಬೆಳೆ ಎತ್ತರವಾದಾಗ ಚಿಗರಿ ಹೊರಗೆ ಹೋದರೆ ಹಂದಿ ಒಳಗೆ ಬರುತ್ತದೆ. ಚಿಗರಿಗೆ ಅಪಾಯವಾದ ಮರೆ ಅದಕ್ಕೆ ಆಸರೆ. ಕಾವಲಿನ ಹೊತ್ತೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಮೊಳಕೆಯ ದಿನಗಳಲ್ಲಿ ನಸುಕು ಮತ್ತು ಮುಸ್ಸಂಜೆ ಮುಖ್ಯ, ಕಾಳು ಕಟ್ಟುವಾಗ ರಾತ್ರಿ. ಮಿಡಿತದ ವಿದ್ಯುತ್ ಹರಿಸುವ ಸೋಲಾರ್ ಬೇಲಿ ಎರಡನ್ನೂ ತಡೆಯಬಲ್ಲದು, ಆದರೆ ಹಂದಿಗೆಂದು ಕೆಳತಂತಿ ನೆಲಕ್ಕೆ ಹತ್ತಿರ ಇರಬೇಕು. ಕಂಬದಿಂದ ನೇರವಾಗಿ ತಂತಿಗೆ ವಿದ್ಯುತ್ ಕೊಡುವುದು ಅಪರಾಧ. ನೀರು ಕಟ್ಟಲು ಹೋದ ಮನುಷ್ಯನನ್ನೂ ಅದು ಬಿಡುವುದಿಲ್ಲ.

ತೊಗರಿ ಆಳೆತ್ತರವಾಗಿ, ಹೊಲಕ್ಕೆ ಚಿಗರಿ ಬರುತ್ತಿಲ್ಲ ಎಂದು ಉಸಿರು ಬಿಡುವ ಹೊತ್ತಿಗೆ ಹಿಂಗಾರು ಬಿತ್ತನೆ ಶುರುವಾಗಿರುತ್ತದೆ. ಅಕ್ಟೋಬರ್ ಕಳೆಯುವಷ್ಟರಲ್ಲಿ ಕಡಲೆ ಹೊಲಗಳು ಮತ್ತೆ ಗೇಣೆತ್ತರದ ಹಸಿರು. ಕಡಲೆ ಕೊನೆಯವರೆಗೂ ಗಿಡ್ಡವಾಗಿಯೇ ಉಳಿಯುವ ಬೆಳೆ, ಆದ್ದರಿಂದ ಎತ್ತರದ ರಕ್ಷಣೆ ಅದಕ್ಕೆಂದೂ ಒದಗುವುದಿಲ್ಲ. ಹೊಲದ ಸುತ್ತ ನಾಲ್ಕಾರು ಸಾಲು ಕುಸುಬೆ ಬಿತ್ತುವ ಹಳೆಯ ಪದ್ಧತಿ ನಮ್ಮ ಕಡೆ ಇದೆ. ಕುಸುಬೆಗೆ ಮುಳ್ಳು ಬಲಿತ ಮೇಲೆ ದನಕರು ಅದನ್ನು ದಾಟಲು ಹಿಂಜರಿಯುತ್ತವೆ. ಆದರೆ ಮುಳ್ಳು ಬಲಿಯಲು ವಾರಗಳು ಬೇಕು, ಕಡಲೆಯ ಮೊಳಕೆಗೆ ಕಾವಲು ಬೇಕಾದುದು ಅದಕ್ಕೂ ಮೊದಲು.